ಎಡ ಹಿಂಚಕ್ರದ ಐದು ಸ್ಟಡ್: ಮೂಡಿಗೆರೆಯ ಒಂದು ಜಿಮ್ನಿಯ ಪ್ರಕರಣ

ವಾಹನ ಮಾರುತಿ ಸುಜುಕಿ ಜಿಮ್ನಿ, ಐದು ಬಾಗಿಲಿನದು. ಜಾಗ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟ. ಆಷಾಢದ ಮಳೆಗಾಲ. ಎಡಗಡೆ ಹಿಂದಿನ ಚಕ್ರದ ಐದು ಸ್ಟಡ್‌ಗಳಲ್ಲಿ (ರಿಮ್ಮು ಕೂರಿಸಿ ನಟ್ ಬಿಗಿಯುವ ಬೋಲ್ಟುಗಳಲ್ಲಿ) ಎರಡು ಮುರಿದಿದ್ದವು. ಉಳಿದ ಮೂರರ ಪೈಕಿ ಎರಡರ ನಟ್ ಬೆರಳಲ್ಲೇ ತಿರುಗುತ್ತಿತ್ತು, ಒಂದು ಮಾತ್ರ ಕಚ್ಚಿಕೊಂಡು ಕೂತಿತ್ತು. ಗಾಡಿ ನಮ್ಮ ಭಾವನದು. ನನ್ನದು ಹಾಸನದಲ್ಲಿ ಲೇತ್ ಕೆಲಸ, ಹಾಗಾಗಿ ಇಂಥದ್ದೇನಾದರೂ ಆದರೆ ಮೊದಲ ಫೋನ್ ನನಗೇ ಬರುತ್ತದೆ.

ಮುರಿದ ಸ್ಟಡ್ ಬದಲಿಸುವುದು ದೊಡ್ಡ ವಿದ್ಯೆ ಏನಲ್ಲ. ತಾಳ್ಮೆ, ಸರಿಯಾದ ಪಾನ, ಗಟ್ಟಿ ನೆಲ ಇದ್ದರೆ ಮನೆಯಂಗಳದಲ್ಲೇ ಆಗುವ ಕೆಲಸ. ಆದರೂ ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಮಲೆನಾಡಿನಲ್ಲಿ ಈಗ ಮನೆಮನೆಗೂ ಫೋರ್ ವೀಲ್ ಗಾಡಿಗಳು ಬಂದಿವೆ, ಬಂದ ತಿಂಗಳಲ್ಲೇ ರಿಮ್ಮು ಟೈರು ಬದಲಾಗುತ್ತವೆ, ಆಮೇಲೆ ಸ್ಟಡ್ ಮುರಿಯುತ್ತದೆ. ಮುರಿದದ್ದನ್ನು ಮಾತ್ರ ಬದಲಿಸಿ ಮತ್ತೆ ರಸ್ತೆಗಿಳಿಸುತ್ತಾರೆ. ಯಾಕೆ ಮುರಿಯಿತು ಎಂದು ಯಾರೂ ನೋಡುವುದಿಲ್ಲ. ಚಕ್ರ ಕಳಚಿ ಹೋಗುವುದು ಚಾರ್ಮಾಡಿ ಘಾಟಿಯ ತಿರುವಿನಲ್ಲಾದರೆ ಏನಾಗುತ್ತದೆಂದು ಆ ದಾರಿಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ಗೊತ್ತಾಗಿದ್ದು ಹೇಗೆ

"ಹಿಂದ್ಗಡೆ ಏನೋ ಟಕ್ ಅಂತಿದೆ ಮಾರಾಯ. ಗಾಡಿ ಎಳೆಯೋಕೆ ಶುರು ಮಾಡ್ದಾಗ ಒಂದ್ ಸಲ, ಬ್ರೇಕ್ ಒತ್ತಿದಾಗ ಒಂದ್ ಸಲ. ಕ್ರಾಸ್ ಹೋಗಿರ್ಬೇಕು ಅಲ್ವಾ?" ಎಂದರು ಭಾವ.

ಊಹೆ ತಪ್ಪೇನಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದರೂ ಹೀಗೇ ಸದ್ದು ಬರುತ್ತದೆ. ಆದರೆ ಸಡಿಲವಾದ ಚಕ್ರವೂ ಇದೇ ಸದ್ದು ಮಾಡುತ್ತದೆ. ಎಂಜಿನ್ ಎಳೆಯುವಾಗ ರಿಮ್ಮು ಸ್ಟಡ್‌ಗಳ ಒಂದು ಬದಿಗೆ ಒರಗುತ್ತದೆ, ಬ್ರೇಕ್ ಹಿಡಿದಾಗ ಇನ್ನೊಂದು ಬದಿಗೆ ಬಡಿಯುತ್ತದೆ. ಎರಡರಲ್ಲಿ ಯಾವುದೆಂದು ತಿಳಿಯಲು ಗಾಡಿ ಎತ್ತುವುದೂ ಬೇಡ, ಮೊದಲು ನಾಲ್ಕು ಚಕ್ರದ ನಟ್ ಮುಟ್ಟಿ ನೋಡಿದರಾಯಿತು. ಫೋನಿನಲ್ಲೇ ಹಾಗೆಂದೆ. ಅವರು ಹೋಗಿ ನೋಡಿ ಬಂದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಎರಡು ನಟ್ಟೇ ಇಲ್ಲ" ಎಂದರು. ನಟ್‌ಗಳು ಬಿಚ್ಚಿಕೊಂಡು ಹೋಗಿರಲಿಲ್ಲ. ಸ್ಟಡ್ಡಿನ ಹೊರ ಅರ್ಧದ ಸಮೇತ ಎಲ್ಲೋ ಬಿದ್ದುಹೋಗಿದ್ದವು.

ಪುಣ್ಯಕ್ಕೆ ಗಾಡಿ ನಿಂತಿದ್ದದ್ದು ಮನೆಯ ಮುಂದಿನ ಕಾಫಿ ಕಣದಲ್ಲಿ. ಸಿಮೆಂಟಿನ ಸಮತಟ್ಟು ಕಣ. ಜಾಕ್ ಹಾಕಲು ಅದಕ್ಕಿಂತ ಒಳ್ಳೆ ಜಾಗ ತೋಟದಲ್ಲಿ ಇನ್ನೊಂದಿಲ್ಲ. ಮಳೆಗಾಲವಾದ್ದರಿಂದ ಅಲ್ಲಿ ಒಣಗಿಸಲು ಏನೂ ಇರಲಿಲ್ಲ. ತಲೆಯ ಮೇಲೊಂದು ಟಾರ್ಪಾಲು ಕಟ್ಟಿಕೊಂಡೆವು.

ಮೂರು ಸಲಹೆಗಳು

ನಾನು ತಲುಪುವ ಹೊತ್ತಿಗೆ ಆಗಲೇ ಮೂರು ಸಲಹೆ ಬಂದಿದ್ದವು. ಮೊದಲನೆಯದು, ಮೂರು ನಟ್ ಇವೆಯಲ್ಲ, ಬಿಗಿ ಮಾಡಿಕೊಂಡು ನಿಧಾನವಾಗಿ ಪೇಟೆಗೆ ಹೊಡೆಯಿರಿ ಎಂಬುದು. ಎರಡನೆಯದು, ಮುರಿದ ಎರಡನ್ನು ತೆಗೆದು ಹೊಸ ಬೋಲ್ಟ್ ತೂರಿಸಿ ಹಿಂದಿನಿಂದ ವೆಲ್ಡಿಂಗ್ ಹಾಕಿಬಿಡಿ ಎಂಬುದು. ಮೂರನೆಯದು, ಎರಡೇ ಸ್ಟಡ್ ತರಿಸಿ ಹಾಕಿ, ಉಳಿದವು ಚೆನ್ನಾಗಿವೆ ಎಂಬುದು.

ಮೊದಲನೆಯದಕ್ಕೆ ಉತ್ತರ ಸುಲಭ. ಸಡಿಲವಾಗಿ ಓಡಿದ ಚಕ್ರದಲ್ಲಿ ಉಳಿದ ಮೂರು ಸ್ಟಡ್‌ಗಳು ಈಗಾಗಲೇ ಐದರ ಪೆಟ್ಟು ತಿಂದಿವೆ. ಅವುಗಳೊಳಗೆ ಬಿರುಕು ಎಷ್ಟು ದೂರ ಹೋಗಿದೆಯೋ ಹೊರಗಿನಿಂದ ಕಾಣುವುದಿಲ್ಲ.

ವೆಲ್ಡಿಂಗ್ ವಿಚಾರದಲ್ಲಿ ನಾನು ಬಹಳ ಕಟ್ಟುನಿಟ್ಟು. ಸ್ಟಡ್ಡು ಹದ ಕೊಟ್ಟ ಉಕ್ಕು. ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಅದಕ್ಕೆ ಆ ಬಲ ತಂದಿರುತ್ತಾರೆ. ವೆಲ್ಡಿಂಗಿನ ಬಿಸಿ ತಗುಲಿದಲ್ಲಿ ಆ ಹದ ಹೋಗುತ್ತದೆ, ಪಕ್ಕದಲ್ಲಿ ಗಾಜಿನ ಹಾಗೆ ಗಡುಸಾಗುತ್ತದೆ. ಸ್ಟಡ್ಡು ಕೂತಿರುವ ಎಕ್ಸೆಲ್ ತುದಿಯ ತಟ್ಟೆ, ಅಂದರೆ ಫ್ಲಾಂಜೂ ವಕ್ರವಾಗಬಹುದು. ಒಳಗಿನ ಆಯಿಲ್ ಸೀಲು, ಬೇರಿಂಗಿನ ಗ್ರೀಸು ಬೇರೆ ಹತ್ತಿರದಲ್ಲೇ ಇವೆ. ಟ್ರೈಲರಿಗೆ, ಗಾಡಿಯ ಬಂಪರಿಗೆ ವೆಲ್ಡಿಂಗ್ ಹಾಕಿಕೊಳ್ಳಿ. ವೀಲ್ ಸ್ಟಡ್ಡಿಗೆ ಮಾತ್ರ ಯಾವ ಕಾರಣಕ್ಕೂ ಬೇಡ.

ಮೂರನೆಯ ಸಲಹೆ ಕೇಳಲು ನ್ಯಾಯವಾಗಿದೆ, ಮೆಕ್ಯಾನಿಕ್‌ಗಳೂ ಕೊಡುತ್ತಾರೆ. ಅದು ಯಾಕೆ ಸರಿಯಲ್ಲ ಎಂಬುದಕ್ಕೆ ಪುರಾವೆ ಮುರಿದ ತುಂಡುಗಳಲ್ಲೇ ಇತ್ತು.

ಮುರಿದ ಮುಖ ಏನು ಹೇಳಿತು

ಮುರಿದ ಲೋಹವನ್ನು ಎಸೆಯುವ ಮೊದಲು ಒಂದು ಸಲ ಬೆಳಕಿಗೆ ಹಿಡಿದು ನೋಡಬೇಕು. ಮೊದಲ ಸ್ಟಡ್ಡಿನ ಮುರಿದ ಮುಖದಲ್ಲಿ ಮುಕ್ಕಾಲು ಭಾಗ ನುಣುಪಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಒಂದು ಅಂಚಿನಿಂದ ಹೊರಟು ಬಾಗಿ ಬಾಗಿ ಹರಡಿದ ಸಣ್ಣ ಗೆರೆಗಳು. ಉಳಿದ ಕಾಲು ಭಾಗ ಬೂದು ಬಣ್ಣ, ಒರಟು, ಹೊಸದಾಗಿ ಹರಿದ ಹಾಗೆ. ಓದಲು ಕಷ್ಟವಿಲ್ಲ. ಥ್ರೆಡ್ಡಿನ ಬುಡದಲ್ಲಿ ಒಂದು ಬಿರುಕು ಹುಟ್ಟಿದೆ, ಚಕ್ರ ಸುತ್ತಿದ ಹಾಗೆ ಬಗ್ಗಿ ಬಗ್ಗಿ ಅದು ಒಳಕ್ಕೆ ನಡೆದಿದೆ, ನಡೆದಲ್ಲೆಲ್ಲ ನೀರು ಹೊಕ್ಕು ತುಕ್ಕು ಹಿಡಿದಿದೆ, ಕೊನೆಗೆ ಉಳಿದ ಸ್ವಲ್ಪ ಲೋಹ ಒಂದೇ ಪೆಟ್ಟಿಗೆ ಹೋಗಿದೆ. ಇದು ಒಂದೆರಡು ದಿನದ ಕಥೆಯಲ್ಲ.

ಎರಡನೆಯದರಲ್ಲಿ ತುಕ್ಕಿನ ಭಾಗ ಬಹಳ ಸಣ್ಣದು, ಉಳಿದದ್ದೆಲ್ಲ ಹೊಸ ಮುರಿತ. ಮೊದಲನೆಯದು ಹೋದಮೇಲೆ ಅದರ ಭಾರ ಹೊತ್ತು ಇದು ಹೋಗಿದೆ. ಹಾಗಾದರೆ ಮೂರನೆಯದು ಸಾಲಿನಲ್ಲಿ ನಿಂತಿದೆ ಎಂದೇ ಅರ್ಥ.

ಉಳಿದ ಮೂರನ್ನು ನೋಡಲು ಪಿಚ್ ಗೇಜ್ ತಂದಿದ್ದೆ, ಥ್ರೆಡ್ಡಿನ ಹಲ್ಲುಗಳ ನಡುವಿನ ಅಂತರ (ಪಿಚ್) ನೋಡುವ ಹಲ್ಲು ಹಲ್ಲಿನ ಎಲೆಗಳ ಗೊಂಚಲು ಅದು. ಜಿಮ್ನಿಯ ಸ್ಟಡ್ಡು 12 ಮಿಮೀ ದಪ್ಪ, 1.25 ಮಿಮೀ ಪಿಚ್. ಅಂದರೆ ಎಂಟು ಥ್ರೆಡ್ಡಿಗೆ ಸರಿಯಾಗಿ 10 ಮಿಮೀ ಉದ್ದ ಬರಬೇಕು. 1.25ರ ಎಲೆಯನ್ನು ಥ್ರೆಡ್ಡಿನ ಮೇಲಿಟ್ಟು ಹಿಂದಿನಿಂದ ಟಾರ್ಚ್ ಹಾಕಿದಾಗ ತುದಿಯಲ್ಲಿ ಬೆಳಕು ಕಾಣಲಿಲ್ಲ, ನಟ್ ಕೂರುವ ಜಾಗಕ್ಕೆ ಬಂದ ಕೂಡಲೇ ಹಲ್ಲುಗಳು ಒಂದಕ್ಕೊಂದು ಹೊಂದದೆ ಸಂದಿಯಲ್ಲಿ ಬೆಳಕು ತೂರಿತು. ಹೊಸ ನಟ್ಟೊಂದನ್ನು ಕೈಯಲ್ಲಿ ತಿರುಗಿಸಿದರೆ ತುದಿಯಿಂದ ಸಲೀಸಾಗಿ ಹೋಗಿ ನಡುವೆ ಬಿಗಿದು ನಿಲ್ಲುತ್ತಿತ್ತು. ಸ್ಟಡ್ಡು ಹಿಗ್ಗಿಹೋಗಿದೆ, ಮತ್ತೆ ತನ್ನ ಉದ್ದಕ್ಕೆ ಬಂದಿಲ್ಲ. ಪಿಚ್ ಗೇಜ್ ಇಲ್ಲದವರೂ ಈ ಎರಡನೇ ಪರೀಕ್ಷೆ ಮಾಡಬಹುದು. ಥ್ರೆಡ್ ಉಜ್ಜಿ ಶುಚಿ ಮಾಡಿದ ಮೇಲೂ ಹೊಸ ನಟ್ ಬೆರಳಲ್ಲಿ ಕೊನೆಯವರೆಗೆ ಹೋಗದಿದ್ದರೆ ಆ ಸ್ಟಡ್ಡನ್ನು ನಂಬಬೇಡಿ.

ಐದೂ ಬದಲಿಸುವುದೆಂದು ಅಲ್ಲಿಗೆ ತೀರ್ಮಾನವಾಯಿತು.

ಕಾರಣ: ಒಂದಲ್ಲ, ಎರಡು

ಭಾವ ಕಂಪನಿ ಕೊಟ್ಟ 195/80 ಆರ್15 ಟೈರು ತೆಗೆಸಿ 215/75 ಆರ್15 ಹಾಕಿಸಿದ್ದರು. ಜೊತೆಗೆ ಹೊರಗಿನ ಸ್ಟೀಲ್ ರಿಮ್ಮು, ಕಪ್ಪು ಪೌಡರ್ ಕೋಟಿಂಗಿನದು. ಕೆಸರಿಗೆ ಚೆನ್ನಾಗಿರುತ್ತದೆ, ನೋಡಲೂ ಚೆಂದ. ಹಾಕಿದ್ದು ಪೇಟೆಯ ಒಂದು ಟೈರ್ ಅಂಗಡಿಯಲ್ಲಿ, ಏರ್ ಗನ್ನಿನಲ್ಲಿ. ಕೈಪಾನ ಮುಟ್ಟಿದ್ದನ್ನು ತಾನು ಕಂಡಿಲ್ಲ ಎಂದರು.

ಈ ಗಾಡಿಯ ನಟ್ಟಿಗೆ ಕಂಪನಿಯ ಪುಸ್ತಕ ಹೇಳುವ ಬಿಗಿ 100 ನ್ಯೂಟನ್ ಮೀಟರ್. ಒಣ ಥ್ರೆಡ್ಡಿನಲ್ಲಿ ಅಷ್ಟು ಬಿಗಿದರೆ ಒಂದು ಸ್ಟಡ್ಡಿನ ಎಳೆತ ಸುಮಾರು 42 ಕಿಲೋನ್ಯೂಟನ್, ಅಂದರೆ ನಾಲ್ಕು ಟನ್ನಿಗೂ ಹೆಚ್ಚು. ಐದು ಸೇರಿದರೆ ಇಪ್ಪತ್ತು ಟನ್ ದಾಟುತ್ತದೆ. ಸುಮಾರು 1,200 ಕೆಜಿಯ ಗಾಡಿಗೆ ಇಷ್ಟೊಂದು ಯಾಕೆ? ಯಾಕೆಂದರೆ ಚಕ್ರ ಸ್ಟಡ್ಡಿನ ಮೇಲೆ ನೇತಾಡುತ್ತಿರುವುದಿಲ್ಲ. ಸ್ಟಡ್‌ಗಳು ರಿಮ್ಮನ್ನು ಬ್ರೇಕ್ ಡ್ರಮ್ಮಿನ ಮುಖಕ್ಕೆ ಅದುಮಿ ಹಿಡಿಯುತ್ತವೆ, ಆ ಎರಡು ಮುಖಗಳ ನಡುವಿನ ಘರ್ಷಣೆಯೇ ಗಾಡಿಯ ಭಾರವನ್ನೂ ಎಳೆತವನ್ನೂ ಬ್ರೇಕನ್ನೂ ಹೊರುತ್ತದೆ. ಅದುಮು ಇರುವಷ್ಟು ದಿನ ಸ್ಟಡ್ಡಿಗೆ ಬಾಗುವ ಕೆಲಸವೇ ಇಲ್ಲ. ಅದುಮು ಹೋದ ದಿನ ಪ್ರತಿ ಸುತ್ತಿಗೂ ಅದು ಒಂದು ಸಲ ಬಾಗುತ್ತದೆ.

ಈಗ ಗನ್ನಿನ ವಿಷಯ. 12 ಮಿಮೀ ಸ್ಟಡ್ಡಿನ ಥ್ರೆಡ್ ಭಾಗದಲ್ಲಿ ಭಾರ ಹೊರುವ ಲೋಹ ಸುಮಾರು 92 ಚದರ ಮಿಮೀ. ಬಹಳ ಬಲದ 10.9 ದರ್ಜೆಯ ಉಕ್ಕೆಂದೇ ಇಟ್ಟುಕೊಂಡರೂ 200 ನ್ಯೂಟನ್ ಮೀಟರ್ ಬಿಗಿದರೆ ಅದು ಶಾಶ್ವತವಾಗಿ ಹಿಗ್ಗುವ ಅಂಚಿಗೆ ಬಂದಿರುತ್ತದೆ. ಟೈರ್ ಅಂಗಡಿಯ ಅರ್ಧ ಇಂಚಿನ ಗನ್ನಿಗೆ 400 ದಾಟುವುದು ಲೆಕ್ಕವೇ ಅಲ್ಲ. ಗುಂಡಿ ಒತ್ತಿ ಎರಡು ಸೆಕೆಂಡ್ ಜಾಸ್ತಿ ಹಿಡಿದರೆ ಮುಗಿಯಿತು. ಪಿಚ್ ಗೇಜಿನಲ್ಲಿ ಕಂಡದ್ದು ಇದೇ.

ಆದರೆ ಬರೀ ಹಿಗ್ಗಿದರೆ ನಟ್ ಸಡಿಲವಾಗಬೇಕೆಂದಿಲ್ಲ. ಸಡಿಲ ಮಾಡಿದ್ದು ಬಣ್ಣ, ಮತ್ತು ನನ್ನ ಪ್ರಕಾರ ಇಲ್ಲಿ ದೊಡ್ಡ ತಪ್ಪಿತಸ್ಥ ಅದೇ.

ರಿಮ್ಮಿನ ತಟ್ಟೆ, ಡ್ರಮ್ಮಿನ ತಟ್ಟೆ, ಎಕ್ಸೆಲ್ ಫ್ಲಾಂಜು ಮೂರೂ ಸೇರಿ ಸ್ಟಡ್ಡು ಹಿಡಿದಿರುವ ದಪ್ಪ 20ರಿಂದ 25 ಮಿಮೀ. ಸರಿಯಾಗಿ 100 ನ್ಯೂಟನ್ ಮೀಟರ್ ಬಿಗಿದಾಗ ಅಷ್ಟು ಉದ್ದದ ಉಕ್ಕು ಹಿಗ್ಗುವುದು ಸುಮಾರು 0.05 ಮಿಮೀ. ಒಂದು ತಲೆಗೂದಲಿನ ದಪ್ಪವೂ ಇಲ್ಲ. ಆ ಕೂದಲೆಳೆಯ ಹಿಗ್ಗುವಿಕೆಯಲ್ಲೇ ನಾಲ್ಕು ಟನ್ನಿನ ಹಿಡಿತ ಕೂತಿದೆ. ಪೌಡರ್ ಕೋಟಿಂಗಿನ ಒಂದು ಪದರ ಸಾಮಾನ್ಯವಾಗಿ 0.06ರಿಂದ 0.1 ಮಿಮೀ ದಪ್ಪ. ಅದು ನಟ್ಟಿನ ಕೋನ್ (ಇಳಿಜಾರಾದ ಮುಖ) ಕೂರುವ ಕುಳಿಯಲ್ಲೂ ಇತ್ತು, ರಿಮ್ಮಿನ ಹಿಂಬದಿಯಲ್ಲಿ ಡ್ರಮ್ಮಿಗೆ ತಾಗುವ ಮುಖದಲ್ಲೂ ಇತ್ತು. ಗಾಡಿ ಓಡಿ ಬ್ರೇಕ್ ಬಿಸಿಯಾಗಿ ಆ ಬಣ್ಣ ಅಪ್ಪಚ್ಚಿಯಾಗಿ ಅಂಚಿಗೆ ಸರಿದರೆ ಸ್ಟಡ್ಡಿನ ಹಿಗ್ಗು ಪೂರ್ತಿ ಕರಗಿಹೋಗುತ್ತದೆ. ನಟ್ ಒಂದಿಷ್ಟೂ ತಿರುಗದೆಯೇ ಹಿಡಿತ ಸೊನ್ನೆಯಾಗಬಹುದು. ಹೊಸ ರಿಮ್ ಹಾಕಿದ ಮೇಲೆ ಸ್ವಲ್ಪ ಓಡಿಸಿ ಮತ್ತೆ ಬಿಗಿ ಮಾಡಬೇಕು ಎನ್ನುವುದರ ಹಿಂದಿನ ಲೆಕ್ಕ ಇದು. ಭಾವನಿಗೆ ಹಾಗೆಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ರಿಮ್ಮಿನ ಕುಳಿಗಳನ್ನು ತೊಳೆದು ನೋಡಿದಾಗ ಬಣ್ಣ ಸುಕ್ಕುಗಟ್ಟಿ ಉಂಗುರದ ಹಾಗೆ ಹೊರಕ್ಕೆ ಉಬ್ಬಿತ್ತು. ಎರಡು ಕುಳಿಗಳಲ್ಲಿ ಲೋಹ ಹೊಳೆಯುತ್ತಿತ್ತು, ಅಂಚು ಸ್ವಲ್ಪ ಅಂಡಾಕಾರವಾಗಿತ್ತು. ಆ ರಿಮ್ಮನ್ನು ಮತ್ತೆ ಹಾಕಲಿಲ್ಲ. ಕುಳಿ ಅಗಲವಾದ ರಿಮ್ಮಿನಲ್ಲಿ ಹೊಸ ನಟ್ಟೂ ಸರಿಯಾಗಿ ಕೂರುವುದಿಲ್ಲ. ಸ್ಟೆಪ್ನಿಯಾಗಿ ಹಿಂದೆ ನೇತಾಡುತ್ತಿದ್ದ ಕಂಪನಿ ರಿಮ್ಮು ಆ ಜಾಗಕ್ಕೆ ಬಂತು.

ಸಾಮಾನು ತರುವಾಗ

ಸ್ಟಡ್ಡನ್ನು "ಜಿಮ್ನಿದು ಕೊಡಿ" ಎಂದು ಕೇಳಿ ತರಬೇಡಿ. ಚಾಸಿ ನಂಬರ್ ಕೊಟ್ಟು, ಹಿಂದಿನ ಎಕ್ಸೆಲ್‌ನದು ಎಂದು ಹೇಳಿ ಕಂಪನಿ ಸಾಮಾನೇ ತರಿಸಿ. ಸ್ಟಡ್ಡಿನ ತಲೆಯ ಕೆಳಗೆ ಉದ್ದುದ್ದ ಹಲ್ಲುಗಳಿರುವ ಭಾಗವೊಂದಿರುತ್ತದೆ. ಅದು ಫ್ಲಾಂಜಿನ ತೂತಿಗೆ ಕಚ್ಚಿಕೊಂಡು ಸ್ಟಡ್ಡು ತಿರುಗದಂತೆ ತಡೆಯುವುದು. ಥ್ರೆಡ್ ಒಂದೇ ಇದ್ದರೂ ಈ ಹಲ್ಲಿನ ಭಾಗದ ದಪ್ಪ ಗಾಡಿಯಿಂದ ಗಾಡಿಗೆ ಬೇರೆ. ಎರಡು ಮೂರು ಕೂದಲಿನಷ್ಟು ಸಣ್ಣದಿದ್ದರೆ ನಟ್ ಬಿಗಿಯುವಾಗ ಸ್ಟಡ್ಡೇ ಸುತ್ತುತ್ತದೆ, ದಪ್ಪವಿದ್ದರೆ ಫ್ಲಾಂಜಿನ ತೂತು ಬಿರಿಯಬಹುದು. ಹಳೆಯದನ್ನೂ ಹೊಸದನ್ನೂ ವರ್ನಿಯರ್‌ನಲ್ಲಿ ಅಳೆದು, ಹಲ್ಲಿನ ದಪ್ಪ, ತಲೆಯಿಂದ ತುದಿಗೆ ಉದ್ದ ಎರಡೂ ಹೊಂದಿದ ಮೇಲೇ ಕೆಲಸಕ್ಕೆ ಕೈ ಹಾಕಿದೆವು. ನಟ್‌ಗಳೂ ಐದು ಹೊಸವು, 60 ಡಿಗ್ರಿ ಕೋನಿನವು. ಹಿಗ್ಗಿದ ಸ್ಟಡ್ಡಿನ ಜೊತೆ ಬಾಳಿದ ನಟ್ಟಿನ ಥ್ರೆಡ್ಡೂ ಕೆಟ್ಟಿರುತ್ತದೆ. ಎಲ್ಲ ಸೇರಿ ಖರ್ಚು ಒಂದು ಟೈರಿನ ಬೆಲೆಯ ಹತ್ತಿರವೂ ಹೋಗಲಿಲ್ಲ.

ಬಿಚ್ಚಿದ್ದು

ಹಿಂದಿನ ಡ್ರಮ್ ಬಿಚ್ಚಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಯಾಕೆಂದರೆ ಅದು ಹಿಡಿಯುವುದು ಅದೇ ಡ್ರಮ್ಮನ್ನು. "ಗೇರಲ್ಲಿ ಹಾಕಿದ್ರೆ ಸಾಕಲ್ಲ" ಎಂದು ಕೇಳಿದರು ಭಾವ. ಸಾಲದು. ಒಂದು ಹಿಂಚಕ್ರ ಎತ್ತಿದ ಕೂಡಲೇ ಡಿಫರೆನ್ಶಿಯಲ್ ಇನ್ನೊಂದು ಚಕ್ರವನ್ನು ಸ್ವತಂತ್ರವಾಗಿ ಉರುಳಲು ಬಿಡುತ್ತದೆ, ಎತ್ತಿದ್ದು ಹಿಂದಕ್ಕೆ ಸುತ್ತಿದಷ್ಟೂ ನೆಲದಲ್ಲಿರುವುದು ಮುಂದಕ್ಕೆ ಉರುಳಬಲ್ಲದು. ಟ್ರಾನ್ಸ್‌ಫರ್ ಗೇರಿನ ಕಡ್ಡಿ (ಫೋರ್ ವೀಲ್ ಹಾಕುವುದು) ನ್ಯೂಟ್ರಲಿನಲ್ಲಿದ್ದರಂತೂ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡಗಲ್ಲು ಕೊಟ್ಟೆವು. ಆಮೇಲೆ ಹಿಂದಿನ ಎಕ್ಸೆಲ್ ಹೌಸಿಂಗಿನ ಕೊಳವೆಗೆ ಜಾಕ್ ಕೊಟ್ಟು ಎತ್ತಿ, ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ ಭಾರವನ್ನು ಅದರ ಮೇಲೆ ಬಿಟ್ಟೆವು. ಇಡೀ ಎಕ್ಸೆಲ್ ಒಂದೇ ತುಂಡಾಗಿರುವ ಗಾಡಿಗಳಲ್ಲಿ ಇದೊಂದು ಅನುಕೂಲ. ಗಾಡಿಯ ಬಾಡಿಯಡಿ ಜಾಕ್ ಕೊಟ್ಟು ಮೊಳದೆತ್ತರ ಎತ್ತಬೇಕಿಲ್ಲ, ಹೌಸಿಂಗನ್ನೇ ನಾಲ್ಕು ಬೆರಳು ಎತ್ತಿದರೆ ಚಕ್ರ ನೆಲ ಬಿಡುತ್ತದೆ.

ಕಚ್ಚಿಕೊಂಡಿದ್ದ ಆ ಒಂದು ನಟ್ಟನ್ನು ಮಾತ್ರ ಗಾಡಿ ಎತ್ತುವ ಮೊದಲೇ ಸಡಿಲಿಸಲು ನೋಡಿದೆವು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಊಟ ಮುಗಿಸಿ ಬಂದು, 19ರ ಬಾಕ್ಸಿಗೆ ಉದ್ದ ಪೈಪ್ ಹಾಕಿ ಒತ್ತಿದಾಗ ಕಿರ್ರೆಂದು ಸದ್ದು ಮಾಡಿ ತಿರುಗಿತು. ಬಿಚ್ಚಿದ ಮೇಲೆ ನೋಡಿದರೆ ಥ್ರೆಡ್ಡಿನ ಲೋಹ ಸುರುಳಿಯಾಗಿ ನಟ್ಟಿನೊಳಗೆ ಬಂದಿತ್ತು.

ಡ್ರಮ್ಮು ಎಳೆದರೆ ಬರಲಿಲ್ಲ, ಬರುವುದೂ ಇಲ್ಲ. ಅದರ ಮುಖದಲ್ಲಿ ಥ್ರೆಡ್ ಹೊಡೆದ ಎರಡು ಸಣ್ಣ ತೂತುಗಳಿವೆ. ಅವಕ್ಕೆ 8 ಮಿಮೀ ಬೋಲ್ಟ್ ಹಾಕಿ ಅದಕ್ಕರ್ಧ ಸುತ್ತು, ಇದಕ್ಕರ್ಧ ಸುತ್ತು ತಿರುಗಿಸುತ್ತ ಹೋದರೆ ಡ್ರಮ್ಮು ತಾನಾಗಿ ಮುಂದೆ ಬರುತ್ತದೆ. ಸುತ್ತಿಗೆಯಲ್ಲಿ ಡ್ರಮ್ಮಿನ ಅಂಚಿಗೆ ಬಡಿಯುವವರಿದ್ದಾರೆ. ಬೀಡು ಕಬ್ಬಿಣ, ಚಕ್ಕೆ ಏಳುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಬ್ರೇಕ್ ಲೈನರಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ಒತ್ತದ ಹಾಗೆ ಡ್ರೈವರ್ ಬಾಗಿಲು ಹಾಕಿ ಬೀಗ ಹಾಕಿದೆ. ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರಿ ಆಯಿಲ್ ಎಲ್ಲ ಚೆಲ್ಲುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮರೆಯಬಾರದು.

ಸ್ಟಡ್ಡಿನ ತಲೆ ಫ್ಲಾಂಜಿನ ಹಿಂದೆ ಇರುತ್ತದೆ, ಹೊರಗಿನಿಂದ ಒಳಕ್ಕೆ ತಳ್ಳಿ ತೆಗೆಯಬೇಕು. ಹಿಂದೆ ಜಾಗ ಸಾಲದೆ ಒಂದು ಕಡೆಯ ಲೈನರ್ ಬಿಚ್ಚಿದೆವು. ಬಿಚ್ಚುವ ಮೊದಲು ಸ್ಪ್ರಿಂಗುಗಳ ಫೋಟೋ ತೆಗೆದುಕೊಳ್ಳಿ, ಯಾವ ಕೊಕ್ಕೆ ಯಾವ ತೂತಿಗೆ ಎಂಬುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಗೇರ್ ನ್ಯೂಟ್ರಲ್ ಮಾಡಿ ಫ್ಲಾಂಜ್ ತಿರುಗಿಸುತ್ತ ಒಂದೊಂದೇ ಸ್ಟಡ್ಡನ್ನು ಆ ಖಾಲಿ ಜಾಗಕ್ಕೆ ತಂದೆವು.

ಇಲ್ಲಿ ಎಲ್ಲರ ಕೈ ಹೋಗುವುದು ದೊಡ್ಡ ಸುತ್ತಿಗೆಗೆ. ಆದರೆ ನೀವು ಫ್ಲಾಂಜಿಗೆ ಹೊಡೆದ ಪ್ರತಿ ಪೆಟ್ಟೂ ಎಕ್ಸೆಲ್ ಬೇರಿಂಗಿನ ಗುಂಡುಗಳ ಮೂಲಕವೇ ಹಾದು ಹೋಗುತ್ತದೆ. ಗುಂಡು ಕೂತ ಜಾಗದಲ್ಲಿ ಸಣ್ಣ ಗುಳಿ ಬಿದ್ದರೆ ಕೆಲ ತಿಂಗಳ ನಂತರ ಬೇರಿಂಗ್ ಊಳಿಡಲು ಶುರು ಮಾಡುತ್ತದೆ, ಆಗ ಯಾರಿಗೂ ಈ ಸುತ್ತಿಗೆ ನೆನಪಾಗುವುದಿಲ್ಲ. ನಾವು ಬಾಲ್ ಜಾಯಿಂಟ್ ಪುಲ್ಲರ್ ಬಳಸಿದೆವು. ಅದರ ಕವಲು ಫ್ಲಾಂಜಿನ ಹಿಂದೆ ಸ್ಟಡ್ಡಿನ ತಲೆಯ ಎರಡೂ ಬದಿಗೆ, ಸ್ಕ್ರೂ ಮುಂದೆ ಸ್ಟಡ್ಡಿನ ತುದಿಗೆ. ಸ್ಕ್ರೂ ಬಿಗಿಯುತ್ತ ಹೋದಂತೆ ಎಳೆತ ಏರಿ ಏರಿ ಒಂದು ಹಂತದಲ್ಲಿ ಟಪ್ಪೆಂದು ಬಿಟ್ಟುಕೊಳ್ಳುತ್ತದೆ. ಒಂದೇ ಒಂದು ಮಾತ್ರ ಹಟ ಹಿಡಿಯಿತು. ಪುಲ್ಲರ್ ಬಿಗಿಯಾಗಿರುವಾಗಲೇ ಹಿತ್ತಾಳೆ ಸರಳಿಟ್ಟು ಚಿಕ್ಕ ಸುತ್ತಿಗೆಯಲ್ಲಿ ಒಂದೆರಡು ಏಟು ಕೊಟ್ಟಾಗ ಅದೂ ಬಂತು.

ಹೊಸದನ್ನು ಕೂರಿಸಿದ್ದು

ತೂತುಗಳನ್ನು ಒರೆಸಿ ಬಿರುಕಿದೆಯೇ ಎಂದು ಟಾರ್ಚಿನಲ್ಲಿ ನೋಡಿ, ಹಳೆಯ ಹಲ್ಲುಗಳು ಬಿಟ್ಟ ಗೀರುಗಳಿಗೆ ಹೊಸ ಹಲ್ಲು ಹೊಂದುವ ಹಾಗೆ ಸ್ಟಡ್ಡನ್ನು ಹಿಂದಿನಿಂದ ತೂರಿಸಿದೆವು. ಹೊಂದಿದರೆ ಕೈಯಲ್ಲಿ ಒತ್ತಿದಾಗಲೇ ಸ್ವಲ್ಪ ಕಚ್ಚಿಕೊಂಡು ನಿಲ್ಲುತ್ತದೆ.

ಸ್ಟಡ್ಡನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಕುಗ್ಗಿ ಸಲೀಸಾಗಿ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಲೆಕ್ಕ ಹಾಕಿದರೆ 13 ಮಿಮೀ ದಪ್ಪದ ಉಕ್ಕು 45 ಡಿಗ್ರಿ ತಣ್ಣಗಾದಾಗ ಕುಗ್ಗುವುದು 0.007 ಮಿಮೀ. ಅದರಿಂದ ಕೈಗೆ ಗೊತ್ತಾಗುವ ವ್ಯತ್ಯಾಸ ಏನೂ ಆಗುವುದಿಲ್ಲ.

ಎಳೆದು ಕೂರಿಸಲು ಗಟ್ಟಿ ವಾಷರುಗಳ ಒಂದು ಗುಡ್ಡೆ, ಅದರ ಮೇಲೆ ಹಳೆಯ ನಟ್ಟೊಂದನ್ನು ಉಲ್ಟಾ ಹಾಕಿದೆವು, ಚಪ್ಪಟೆ ಮುಖ ವಾಷರಿಗೆ ತಾಗುವಂತೆ. ವಾಷರುಗಳ ನಡುವೆ ಗ್ರೀಸು. ಕೈಪಾನದಲ್ಲಿ ನಿಧಾನ ತಿರುಗಿಸಿದರೆ ಸ್ಟಡ್ಡು ಮುಂದಕ್ಕೆ ಬರುತ್ತದೆ. ಗನ್ ಇಲ್ಲಿ ಬೇಡವೇ ಬೇಡ. ಕೂರಿಸಲು ಬಳಸಿದ ನಟ್ಟನ್ನು ಆಮೇಲೆ ಗುಜರಿಗೆ ಹಾಕಿ, ಹೊಸ ನಟ್ಟಿನಲ್ಲಿ ಈ ಕೆಲಸ ಮಾಡಿ ಅದರ ಥ್ರೆಡ್ ಹಾಳು ಮಾಡಿಕೊಳ್ಳಬೇಡಿ. ತಲೆ ಫ್ಲಾಂಜಿಗೆ ತಾಗಿದ ಕ್ಷಣ ಪಾನದ ಹಿಡಿಯಲ್ಲೇ ಗೊತ್ತಾಗುತ್ತದೆ, ಅಲ್ಲಿಯವರೆಗೆ ಒಂದೇ ಸಮ ಇದ್ದ ಬಿಗಿ ಇದ್ದಕ್ಕಿದ್ದಂತೆ ಗೋಡೆಗೆ ತಾಗಿದ ಹಾಗೆ ಏರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಾನು ಪ್ರತಿಯೊಂದರ ಹಿಂದೆಯೂ ಕನ್ನಡಿ ಹಿಡಿದು, ತಲೆಯ ಸುತ್ತ ಕಾಗದದ ಅಂಚು ತೂರುತ್ತದೆಯೇ ಎಂದು ನೋಡಿದೆ. ತೂರಿದರೆ ಅದು ಪೂರ್ತಿ ಕೂತಿಲ್ಲ, ಗಾಡಿ ಓಡಿದ ಮೇಲೆ ಕೂತು ನಟ್ ಸಡಿಲವಾಗುತ್ತದೆ.

ಲೈನರ್, ಡ್ರಮ್ ಸೇರಿಸುವ ಕೆಲಸ ಬಿಚ್ಚಿದ್ದರ ಉಲ್ಟಾ. ಆದರೆ ಡ್ರಮ್ಮಿನ ಮುಖ ಮತ್ತು ರಿಮ್ಮಿನ ಹಿಂಮುಖವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಲೋಹ ಕಾಣುವಂತೆ ಮಾಡಲು ಸಾಕಷ್ಟು ಹೊತ್ತು ಕೊಟ್ಟೆವು. ಕೂದಲೆಳೆಯ ಲೆಕ್ಕ ಗೊತ್ತಾದ ಮೇಲೆ ಭಾವನೇ ಬ್ರಷ್ ಕಿತ್ತುಕೊಂಡು ಉಜ್ಜಿದರು.

ಬಿಗಿ ಅಳೆದದ್ದು

"ಮಳೇಲಿ ತುಕ್ಕು ಹಿಡಿಯುತ್ತೆ, ಸ್ಟಡ್ಡಿಗೆ ಒಂಚೂರು ಗ್ರೀಸ್ ಹಚ್ಚೋಣ" ಎಂದರು ಭಾವ. ಬೇಡವೆಂದೆ. ಎಣ್ಣೆ ಸೋಕಿದ ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆ, ಅದೇ 100 ನ್ಯೂಟನ್ ಮೀಟರಿಗೆ ನಾಲ್ಕು ಟನ್ನಿನ ಬದಲು ಐದೂವರೆ ಟನ್ನಿನ ಹತ್ತಿರದ ಎಳೆತ ಬೀಳುತ್ತದೆ. ಪುಸ್ತಕದ ಅಂಕಿ ಒಣ, ಶುಚಿಯಾದ ಥ್ರೆಡ್ಡಿಗೆ.

ನಟ್‌ಗಳನ್ನು ಕೈಯಲ್ಲೇ ಹತ್ತಿಸಿ ಎಷ್ಟು ಸುತ್ತು ಹೋಗುತ್ತದೆಂದು ಎಣಿಸಿದೆವು. 12 ಮಿಮೀ ಸ್ಟಡ್ಡಿನಲ್ಲಿ ಕನಿಷ್ಠ ಅಷ್ಟೇ ಉದ್ದ ನಟ್ಟಿನ ಹಿಡಿತ ಬೇಕು, ಅಂದರೆ ಹತ್ತು ಸುತ್ತಿನ ಆಸುಪಾಸು. ಸ್ಪೇಸರ್ ಹಾಕಿದವರು, ದಪ್ಪ ರಿಮ್ಮು ಹಾಕಿದವರು ಇದನ್ನು ನೋಡಲೇಬೇಕು. ಐದಾರು ಸುತ್ತಿಗೇ ನಟ್ ಕೂತರೆ ಆ ರಿಮ್ಮು ಈ ಸ್ಟಡ್ಡಿಗಲ್ಲ.

ಟಾರ್ಕ್ ರೆಂಚ್ ನನ್ನ ಬಳಿ ಇತ್ತು, ಆದರೆ ಅದು ಸರಿ ಹೇಳುತ್ತದೆಯೇ ಎಂದು ನೋಡುವ ಸಾಮಾನು ತೋಟದಲ್ಲೇ ಇತ್ತು: ಹಣ್ಣು ಕುಯ್ದಾಗ ಚೀಲ ತೂಗುವ ಕೊಕ್ಕೆ ತಕ್ಕಡಿ. ಸನ್ನೆಯ ಲೆಕ್ಕ ನೇರವಾಗಿದೆ. ನಟ್ಟಿನ ನಡುವಿನಿಂದ 50 ಸೆಂಮೀ ದೂರದಲ್ಲಿ ಹಿಡಿಗೆ ನೇರ ಅಡ್ಡವಾಗಿ 20.4 ಕೆಜಿ ಎಳೆದರೆ ಅದು 100 ನ್ಯೂಟನ್ ಮೀಟರ್. ರೆಂಚಿನ ಹಿಡಿಯಲ್ಲಿ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಭಾವ ಎಳೆದರು, ನಾನು ಮುಳ್ಳು ನೋಡಿದೆ. 20 ದಾಟಿದ ಕೂಡಲೇ ರೆಂಚು ಟಿಕ್ ಎಂದಿತು. ರೆಂಚ್ ಇಲ್ಲದವರು ಅರ್ಧ ಮೀಟರಿನ ಪಾನ ಮತ್ತು ಇಂಥದ್ದೊಂದು ತಕ್ಕಡಿಯಲ್ಲೇ ಕೆಲಸ ಸಾಗಿಸಬಹುದು. ಪಾನದ ಮೇಲೆ ಹತ್ತಿ ನಿಲ್ಲುವುದಕ್ಕಿಂತ ಸಾವಿರ ಪಾಲು ವಾಸಿ. ಎಪ್ಪತ್ತು ಕೆಜಿಯ ಮನುಷ್ಯ ಅರ್ಧ ಮೀಟರಿನ ಪಾನದ ತುದಿಯಲ್ಲಿ ನಿಂತರೆ 340 ನ್ಯೂಟನ್ ಮೀಟರ್ ಆಗುತ್ತದೆ.

ಚಕ್ರ ಗಾಳಿಯಲ್ಲಿರುವಾಗ ಐದೂ ನಟ್ಟನ್ನು ಕೋನ್ ಕೂರುವಷ್ಟು ಬಿಗಿದು, ಟೈರು ನೆಲಕ್ಕೆ ತಾಗುವಷ್ಟು ಇಳಿಸಿ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಗೆರೆಯಲ್ಲಿ ಮೊದಲು 40, ಆಮೇಲೆ 70, ಕೊನೆಗೆ 100. ಆಮೇಲೆ ಪ್ರತಿ ನಟ್ಟಿನಿಂದ ರಿಮ್ಮಿಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದೆವು. ನಟ್ ತಿರುಗಿದರೆ ಗೆರೆ ಮುರಿಯುತ್ತದೆ, ಬೆಳಿಗ್ಗೆ ಗಾಡಿ ಹತ್ತುವಾಗ ಬಗ್ಗದೆಯೇ ಕಾಣುತ್ತದೆ.

ಹಳೇ ಜೀಪಿನವರಿಗೆ ಇಲ್ಲೊಂದು ಮಾತು. ವಿಲ್ಲಿಸ್ ಕಾಲದ ಜೀಪುಗಳಲ್ಲಿ ಎಡಗಡೆ ಚಕ್ರದ ಸ್ಟಡ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತಿತ್ತು, ಓಡುವಾಗ ನಟ್ ಬಿಚ್ಚಿಕೊಳ್ಳಬಾರದೆಂದು. ತೋಟಗಳಲ್ಲಿ ಅಂಥ ಗಾಡಿಗಳು ಇನ್ನೂ ಇವೆ. ಅವುಗಳ ಎಡಚಕ್ರ ಬಿಚ್ಚುತ್ತೇನೆಂದು ಬಿಗಿಯುತ್ತಲೇ ಹೋಗಿ ಸ್ಟಡ್ ಮುರಿದವರು ಊರಿಗೊಬ್ಬರಿದ್ದಾರೆ. ಸ್ಟಡ್ಡಿನ ತುದಿಯಲ್ಲೋ ನಟ್ಟಿನ ಮೇಲೋ ‘ಎಲ್’ ಅಕ್ಷರ ಇದೆಯೇ ಎಂದು ಮೊದಲು ನೋಡಿ.

ಆಮೇಲೆ

ನೂರು ಕಿಲೋಮೀಟರಿನೊಳಗೆ ಮತ್ತೆ ರೆಂಚ್ ಹಾಕಿ ನೋಡಲು ಹೇಳಿದ್ದೆ. ಎಡ ಹಿಂಚಕ್ರದ ಐದೂ ನಟ್ 100ಕ್ಕೇ ಟಿಕ್ ಎಂದವು, ಬಿಳಿ ಗೆರೆ ಸರಿದಿರಲಿಲ್ಲ. ಅದೇ ದಿನ ಉಳಿದ ಮೂರು ಚಕ್ರಗಳನ್ನೂ ಒಂದೊಂದಾಗಿ ಬಿಚ್ಚಿ ಹೊಸ ನಟ್ ಪರೀಕ್ಷೆ ಮಾಡಿದೆವು. ಮುಂದಿನ ಎರಡು ಚಕ್ರಗಳಲ್ಲಿ ಎಲ್ಲವೂ ಬೆರಳಲ್ಲೇ ಹೋದವು. ಬಲ ಹಿಂಚಕ್ರದಲ್ಲಿ ಎರಡು ನಡುವೆ ನಿಂತವು. ಮುರಿದಿಲ್ಲ, ಸದ್ದಿಲ್ಲ, ಆದರೆ ಹಿಗ್ಗಿವೆ. ಅಲ್ಲೂ ಐದಕ್ಕೆ ಐದು ತರಿಸಿದೆವು. ಉಳಿದ ಮೂರು ಹೊರಗಿನ ರಿಮ್ಮುಗಳ ಕುಳಿಗಳಿಂದ ಬಣ್ಣ ಕೆರೆದು, ಹಳೆಯ ನಟ್ಟಿನ ಕೋನಿಗೆ ಉಪ್ಪುಕಾಗದ ಸುತ್ತಿ ತಿರುಗಿಸಿ ನುಣುಪು ಮಾಡಿ, ಹಿಂಮುಖವನ್ನೂ ಲೋಹಕ್ಕೆ ಇಳಿಸಿ ಹಾಕಿದೆವು.

ಟೈರ್ ಅಂಗಡಿಗೂ ಭಾವ ಮುರಿದ ಸ್ಟಡ್ಡು ಹಿಡಿದುಕೊಂಡು ಹೋಗಿದ್ದರು. "ಗನ್ನಲ್ಲಿ ಹತ್ತಿಸು, ಕೊನೇ ಬಿಗಿ ನನ್ನ ರೆಂಚಲ್ಲಿ ಹಾಕು" ಎಂದು ಹುಡುಗನಿಗೆ ಹೇಳಿ, ಈಗ ಪಂಚರ್ ಹಾಕಿಸಲು ಹೋದರೂ ರೆಂಚು ಸೀಟಿನಡಿ ಇಟ್ಟುಕೊಂಡೇ ಹೋಗುತ್ತಾರೆ. ಅದರ ಪಕ್ಕದ ಡಬ್ಬಿಯಲ್ಲಿ ಎರಡು ಹೊಸ ಸ್ಟಡ್ಡು, ನಾಲ್ಕು ನಟ್ಟು, ಡ್ರಮ್ ಎಳೆಯುವ ಆ ಎರಡು 8 ಮಿಮೀ ಬೋಲ್ಟು, ಗ್ರೀಸ್ ಸವರಿದ ವಾಷರುಗಳು ಇವೆ. ಬಾಲ್ ಜಾಯಿಂಟ್ ಪುಲ್ಲರ್ ಮಾತ್ರ ಇನ್ನೂ ನನ್ನ ಅಂಗಡಿಯಲ್ಲೇ ಇದೆ. ಮುಂದಿನ ಸಲ ಹಾಸನಕ್ಕೆ ಬಂದಾಗ ಒಂದು ಕೊಂಡುಕೊಳ್ಳುತ್ತೇನೆ ಎಂದಿದ್ದಾರೆ.